ಕಮಲ ಅರಳಲು ನಾನು ಹಾಕಿದ ವೇಳಾಪಟ್ಟಿ

ಎರಡು ಗಂಟೆಯ ದಾರಿಯನ್ನು ಮೂರು ದಿನಕ್ಕೆ ಹಿಗ್ಗಿಸುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಅದಕ್ಕೆ ಶಿಸ್ತು ಬೇಕು, ಆತ್ಮವಿಶ್ವಾಸ ಬೇಕು, ಬಣ್ಣಬಣ್ಣದ ಕಾಲಂಗಳಿರುವ ಒಂದು ಶೀಟ್ ಬೇಕು. ನನ್ನ ಬಳಿ ಮೂರೂ ಇದ್ದವು.

ನಾನು ಶರಣು, ಸಿಂಗಾಪುರದ ಬೂನ್ ಲೇ ಕಡೆಯ ಒಂದು ಕಾರ್ಖಾನೆಯಲ್ಲಿ ಪ್ಲಾನಿಂಗ್ ವಿಭಾಗದವನು. ಯಾವ ಮಷಿನ್ ಎಷ್ಟು ಹೊತ್ತಿಗೆ ಶುರುವಾಗಬೇಕು, ಎಷ್ಟು ಹೊತ್ತಿಗೆ ನಿಲ್ಲಬೇಕು ಎಂದು ಬರೆದುಕೊಡುತ್ತೇನೆ. ಮಷಿನ್‌ಗಳು ತಮಗೆ ತಿಳಿದಂತೆ ನಡೆಯುತ್ತವೆ. ಮನೆಯಲ್ಲಿ ಡೈರಿ ಇಟ್ಟಿದ್ದೇನೆ. ಮದುವೆಯಾದ ಮೊದಲ ವರ್ಷ ನಾನೂ ಅಕ್ಷತಾಳೂ ಎಷ್ಟು ಸಲ ಜಗಳವಾಡಿದೆವು ಎಂಬ ಲೆಕ್ಕ ಕೂಡ ಅದರಲ್ಲಿದೆ: 61. ಅದನ್ನು ಅವಳಿಗೆ ತೋರಿಸಿದ ದಿನ 62 ಆಯಿತು.

ಅಕ್ಷತಾಳ ತಾಯಿ, ಅಂದರೆ ನಮ್ಮ ಅತ್ತೆ, ಗದಗದಿಂದ ಎರಡು ತಿಂಗಳ ಮಟ್ಟಿಗೆ ಬುಕಿತ್ ಪಂಜಾಂಗ್‌ನ ನಮ್ಮ ಮನೆಗೆ ಬಂದಿದ್ದರು. ಸಿಂಗಾಪುರದ ಯಾವುದಕ್ಕೂ ಅವರು ಬೆರಗಾಗಲಿಲ್ಲ. ಐವತ್ತು ಮಹಡಿಯ ಕಟ್ಟಡ ತೋರಿಸಿದರೆ, "ಮ್ಯಾಲಿನವರಿಗೆ ನೀರು ಏರತೈತೇನ್ರಿ?" ಎಂದು ಕೇಳಿದರು. ಏರುತ್ತದೆ ಎಂದೆ. "ಹಂಗಾರ ಸರಿ" ಎಂದು ಮುಂದೆ ನಡೆದರು.

ಹೀಗಿರುವಾಗ ಒಂದು ಸಂಜೆ, ನಮ್ಮ ಬ್ಲಾಕಿನ ನೆಲಮಹಡಿಯಲ್ಲಿ ಎಲ್ಲರೂ ಕೂರುವ ವಾಯ್ಡ್ ಡೆಕ್‌ನಲ್ಲಿ ಕೂತಿದ್ದಾಗ, ಮೇಲಿನ ಮನೆಯ ಶೈಲಾ ಆಂಟಿ ತಮ್ಮ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಕೆರೆಯ ತುಂಬ ಕೆಂಪು ಕಮಲ. ನೀರೇ ಕಾಣದಷ್ಟು.

ಅತ್ತೆ ಫೋನನ್ನು ಕೈಗೆ ತೆಗೆದುಕೊಂಡರು. "ಇದು ಎಲ್ಲಿ ಐತ್ರಿ?"

"ಥಾಯ್ಲೆಂಡ್ ಅಮ್ಮ. ಥಲೆ ನೋಯ್ ಅಂತ. ಫ್ಲೈಟಲ್ಲಿ ಹಾಟ್ ಯಾಯ್‌ಗೆ ಒಂದೂವರೆ ಗಂಟೆ, ಅಲ್ಲಿಂದ ಕಾರಲ್ಲಿ ಎರಡು ಗಂಟೆ. ಎಂತ ದೂರ ಇಲ್ಲ" ಎಂದರು ಉಡುಪಿಯ ಶೈಲಾ ಆಂಟಿ.

ಅತ್ತೆ ಆ ವಿಡಿಯೋವನ್ನು ನಾಲ್ಕು ಸಲ ನೋಡಿದರು (ಎಣಿಸಿದ್ದೇನೆ). ಆಮೇಲೆ ನಿಧಾನವಾಗಿ ಹೇಳಿದರು: "ನಲವತ್ತು ವರ್ಷದಿಂದ ಸೋಮವಾರಕ್ಕೊಮ್ಮೆ ಸಂತಿಯಿಂದ ಮೊಗ್ಗು ತರತೀನಿ. ಬೆರಳಿಲೆ ಒಂದೊಂದ ಪಕಳಿ ಬಿಡಿಸಿ ಲಿಂಗಪ್ಪಗ ಏರಸ್ತೀನಿ. ತಾನಾಗೇ ಅರಳಿದ ಕಮಲ ಒಂದೂ ನೋಡಿಲ್ಲ."

ಎರಡು ತಿಂಗಳಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಊರಿಗೆ ಹೊರಡಲು ಒಂದು ವಾರ ಉಳಿದಿತ್ತು. ನಾನು ಆ ರಾತ್ರಿಯೇ ಶೀಟ್ ತೆರೆದೆ.

ಬರೀ ಕಮಲ ನೋಡಿ ಬರುವುದೆಂದರೆ ಶುಕ್ರವಾರದಿಂದ ಭಾನುವಾರದವರೆಗಿನ ರಜೆಗೆ ಮಾಡುವ ಅವಮಾನ ಎಂದು ನನಗನ್ನಿಸಿತು. ಆದ್ದರಿಂದ ಹಾದಿಯನ್ನು ಸ್ವಲ್ಪ ಸುಧಾರಿಸಿದೆ. ಸಮುದ್ರ ತೀರ, ಎರಡು ಬೌದ್ಧ ದೇವಾಲಯ, ತೇಲುವ ಸಂತೆ, ಜಲಪಾತ, ಒಂದು ಗುಹೆ ಇತ್ಯಾದಿ ಸೇರಿ ಒಟ್ಟು ಹದಿನಾಲ್ಕು ಐಟಂ. ಕಮಲ ಹನ್ನೊಂದನೆಯದು: ಶನಿವಾರ ಮಧ್ಯಾಹ್ನ ಒಂದೂವರೆಯಿಂದ ಒಂದು ಐವತ್ತರವರೆಗೆ.

ಅಕ್ಷತಾ ಶೀಟ್ ನೋಡಿದಳು. "ರೀ, ಹೂವು ಅರಳೋದು ಮುಂಜಾನೆ ಅಲ್ಲೇನ್ರಿ?"

"ಹೂವಿಗೇನು ಆಫೀಸ್ ಟೈಮಿಂಗ್ ಇರತೈತೇನು? ಮುಂಜಾನೆ ಗುಹೆ ಬುಕ್ ಆಗೇತಿ."

ಇನ್ನೊಂದು ಸೂಕ್ಷ್ಮ ವಿಷಯವನ್ನೂ ನಾನು ಮೊದಲೇ ಬಗೆಹರಿಸಿದ್ದೆ. ಥಾಯ್ಲೆಂಡಿನ ಗಡಿಯಾರ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ಮೂರು ದಿನಕ್ಕಾಗಿ ಸಮಯ ಬದಲಿಸಿದರೆ ದಾಖಲೆಗಳ ಏಕರೂಪತೆ ಕೆಡುತ್ತದೆಂದು ಇಡೀ ಶೀಟನ್ನು ಸಿಂಗಾಪುರ ಸಮಯದಲ್ಲೇ ಇಟ್ಟೆ. ನನ್ನ ಫೋನ್ ಮಾತ್ರ ಹಾಟ್ ಯಾಯ್‌ನಲ್ಲಿ ಇಳಿದ ಕೂಡಲೇ, ನನ್ನನ್ನು ಒಂದು ಮಾತೂ ಕೇಳದೆ, ಥಾಯ್ ಸಮಯಕ್ಕೆ ಬದಲಾಯಿತು. ಫೋನಿಗೆ ಶಿಸ್ತಿಲ್ಲ.

ಬಾಡಿಗೆ ಕಾರು ಹತ್ತಿದೆವು. ನನಗೆ ಲೈಸೆನ್ಸ್ ಇದೆ, ಕಾರಿಲ್ಲ. ಸಿಂಗಾಪುರದಲ್ಲಿ ಇದು ಸಾಮಾನ್ಯ ಸ್ಥಿತಿ. ಲೈಸೆನ್ಸ್ ಬಂದ ಮೇಲೆ ನಾನು ಓಡಿಸಿದ ಒಟ್ಟು ದೂರ, ಡೈರಿಯ ಪ್ರಕಾರ, ಹದಿನಾಲ್ಕು ಕಿಲೋಮೀಟರ್. ಈ ಅಂಕಿಯನ್ನು ಅತ್ತೆಗೆ ತಿಳಿಸುವ ಅಗತ್ಯ ಕಾಣಲಿಲ್ಲ.

ಥಾಯ್ಲೆಂಡಿನ ಹಳ್ಳಿಗಾಡಿನ ಹೆದ್ದಾರಿಗಳು ನುಣುಪಾಗಿವೆ, ಅಗಲವಾಗಿವೆ, ಮತ್ತು ನಡುವೆ ಗಟ್ಟಿಯಾದ ಡಿವೈಡರ್ ಹೊಂದಿವೆ. ನೀವು ಹೋಗಬೇಕಾದ ಜಾಗ ಬಲಗಡೆ ಇದ್ದರೆ ಅದನ್ನು ಕಣ್ತುಂಬ ನೋಡಿ, ನಮಸ್ಕರಿಸಿ, ನಾಲ್ಕು ಕಿಲೋಮೀಟರ್ ಮುಂದೆ ಹೋಗಿ, ಯು-ಟರ್ನ್ ಹೊಡೆದು ವಾಪಸು ಬರಬೇಕು. ಬರುವಾಗ ವೇಗದಲ್ಲಿ ಅದನ್ನು ದಾಟಿಬಿಟ್ಟರೆ ಮತ್ತೆ ನಾಲ್ಕು ಕಿಲೋಮೀಟರ್. ಶುಕ್ರವಾರ ಮಧ್ಯಾಹ್ನ ನಾವು ಊಟದ ಅಂಗಡಿಯೊಂದನ್ನು ಹೀಗೆ ಸುತ್ತುತ್ತಿದ್ದೆವು.

"ಅಳಿಯಂದ್ರ," ಹಿಂದಿನ ಸೀಟಿನಿಂದ ಅತ್ತೆ ಹೇಳಿದರು, "ಆ ಕರಿ ನಾಯಿ ಮೂರನೇ ಸಲ ಕಂಡ್ತು."

"ಬೇರೆ ನಾಯಿ ಇರಬೇಕು ಅತ್ತಿ."

"ಅದಕ್ಕೂ ನಮ್ಮ ಗುರ್ತು ಹತ್ತೇತಿ. ಬಾಲ ಅಳ್ಳಾಡಸ್ತು ನೋಡ್ರಿ."

ಅದು ಸಾಮಾನ್ಯ ಅಂಗಡಿಯಲ್ಲ. ಮೀನು, ಮಾಂಸ, ಮೊಟ್ಟೆ ಯಾವುದನ್ನೂ ಮುಟ್ಟದ ಅಂಗಡಿಗಳನ್ನು ಅಲ್ಲಿ 'ಜೇ' ಎನ್ನುತ್ತಾರೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ. ನಮ್ಮ ಕಣ್ಣಿಗೆ 17 ಎಂದು ಬರೆದಂತೆ ಕಾಣುತ್ತದೆ. ಒಂದು ಇಡೀ ರಾತ್ರಿ ಸಂಶೋಧನೆ ಮಾಡಿ ನಾನು ಈ ಗುಟ್ಟು ಕಲಿತಿದ್ದೆ. ಅತ್ತೆ ಕಟ್ಟಾ ಸಸ್ಯಾಹಾರಿ. ಕೇಕಿನಲ್ಲೂ ಮೊಟ್ಟೆಯ ವಾಸನೆ ಹಿಡಿಯಬಲ್ಲವರು. ನಾಲ್ಕನೇ ಸುತ್ತಿಗೆ ಒಳಗೆ ಹೋಗಿ ಕೂತಾಗ ನನ್ನ ಎದೆ ಉಬ್ಬಿತ್ತು.

ತಟ್ಟೆ ಬಂತು. ಅದರಲ್ಲಿ ಒಂದು ಇಡೀ ಮೀನಿತ್ತು. ಸೋಯಾದಲ್ಲಿ ಮಾಡಿದ್ದು. ಬಾಲವಿತ್ತು, ಹೊಳೆಯುವ ಚರ್ಮವಿತ್ತು, ಕರಿ ಅವರೆಕಾಳಿನ ಕಣ್ಣಿತ್ತು.

"ಇದು ಸೋಯಾ, ಅತ್ತಿ. ಶುದ್ಧ ವೆಜ್."

"ಇರಬಹುದು. ಆದ್ರ ನನ್ನ ನೋಡಾಕತ್ತೈತಿ."

ಅತ್ತೆ ತಟ್ಟೆಯನ್ನು ಬೆರಳ ತುದಿಯಿಂದ ನನ್ನ ಕಡೆ ಸರಿಸಿ, ಚೀಲದಿಂದ ತಮ್ಮ ಡಬ್ಬಿ ತೆಗೆದರು. ಜೋಳದ ರೊಟ್ಟಿ, ಬಳ್ಳೊಳ್ಳಿ ಚಟ್ನಿ. ಮುಚ್ಚಳ ತೆಗೆದದ್ದೇ ತಡ, ಆ ಬೆಳ್ಳುಳ್ಳಿಯ ಪರಿಮಳ ಅಂಗಡಿಯ ಮೂಲೆಮೂಲೆಗೂ ಹೋಗಿ ತನ್ನ ಪರಿಚಯ ಹೇಳಿಕೊಂಡಿತು. ಅಂಗಡಿಯ ಹೆಂಗಸು ಓಡಿ ಬಂದಳು. ಕೈ ಮುಗಿದಳು. ಫೋನಿಗೆ ಏನೋ ಹೇಳಿ ಅನುವಾದವನ್ನು ನಮ್ಮ ಮುಂದೆ ಹಿಡಿದಳು. ಅಕ್ಷತಾ ಓದಿದಳು, ಮತ್ತೊಮ್ಮೆ ಓದಿದಳು, ನಗು ತಡೆದುಕೊಂಡು ಹೇಳಿದಳು:

"ಅವ್ವಾ, ಬಳ್ಳೊಳ್ಳಿ ಇವರಿಗೆ ನಡೆಯಂಗಿಲ್ಲಂತ. ಶುದ್ಧ ಅಡಿಗಿ ಮನಿ ಮೈಲಿಗಿ ಆಗತೈತಂತ. ಹೊರಗ ಕುಂತು ತಿನ್ರಿ ಅಂತಾಳ."

ಹೊರಗಿದ್ದದ್ದು ಒಂದೇ ಬೆಂಚು. ಅದು ಕೋಳಿ ಸುಡುವ ಗಾಡಿಯವನದು. ಅತ್ತೆ ಅಲ್ಲಿ ಕೂತು, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ರೊಟ್ಟಿ ಮುರಿದರು. "ಅರವತ್ತೆರಡು ವರ್ಷದಾಗ ಒಂದು ತತ್ತಿ ಮುಟ್ಟಿಲ್ಲ. ನನ್ನ ಒಯ್ದು ಕೋಳಿ ಅಂಗಡ್ಯಾಗ ಕುಂದರಿಸಿದ್ರಿ." ಕೋಳಿಯವನು ಪ್ರೀತಿಯಿಂದ ಒಂದು ಕಾಲು ಕೊಡಲು ಬಂದ. ಕರಿ ನಾಯಿ ಅದನ್ನು ಅತ್ತೆಯ ಪರವಾಗಿ ಸ್ವೀಕರಿಸಿತು.

ಶುಕ್ರವಾರದ ವರದಿ: ಯು-ಟರ್ನ್ 19, ಮುಗಿಸಬೇಕಿದ್ದ ಐಟಂ 6, ಮುಗಿದದ್ದು 2. ಅದರಲ್ಲಿ ಒಂದು ಊಟ.

ಶನಿವಾರ ಬೆಳಿಗ್ಗೆ ಗುಹೆಗೆ ಹೋದೆವು. ಗುಹೆಗೆ ಮುನ್ನೂರ ಹನ್ನೆರಡು ಮೆಟ್ಟಿಲು. ಅತ್ತೆಗೆ ಮೊಣಕಾಲು ನೋವು. ಈ ಎರಡು ಮಾಹಿತಿಗಳೂ ನನ್ನ ಬಳಿ ಇದ್ದವು, ಬೇರೆ ಬೇರೆ ಕಾಲಂಗಳಲ್ಲಿ. ಅತ್ತೆ ಕೆಳಗೆ ಕೂತು ಮೆಟ್ಟಿಲ ಬುಡದಲ್ಲಿ ತೆಂಗಿನಕಾಯಿ ಮಾರುವವಳೊಂದಿಗೆ ಭಾಷೆಯ ಹಂಗಿಲ್ಲದೆ ಸೊಸೆಯಂದಿರ ವಿಷಯ ಮಾತಾಡಿದರು.

ಥಲೆ ನೋಯ್ ತಲುಪಿದಾಗ ನಮ್ಮ ಪಾಲಿನ ಇಪ್ಪತ್ತು ನಿಮಿಷ ಮುಗಿದು ಒಂದು ತಾಸು ಕಳೆದಿತ್ತು. ದೋಣಿಕಟ್ಟೆಯಲ್ಲಿ ಬಿಸಿಲು ಕಾದಿತ್ತು. ಕೆರೆಯ ತುಂಬ ಹಸಿರು ಎಲೆ, ನಡುನಡುವೆ ಮುಚ್ಚಿಕೊಂಡ ಮೊಗ್ಗು. ಒಬ್ಬ ಮುದುಕ ದೋಣಿಯವನು ನಮ್ಮನ್ನು ನೋಡಿ ನಕ್ಕ. ಸೂರ್ಯನನ್ನು ತೋರಿಸಿ ಕೈಯನ್ನು ಮುಷ್ಟಿ ಮಾಡಿದ. ಆಮೇಲೆ ಪೂರ್ವದ ಕಡೆ ತೋರಿಸಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಅತ್ತೆ ಮೊಗ್ಗುಗಳನ್ನು ಸ್ವಲ್ಪ ಹೊತ್ತು ನೋಡಿದರು. "ಇಂಥವು ನಮ್ಮ ಸಂತ್ಯಾಗೂ ಸಿಗತಾವ" ಎಂದು ಹೋಗಿ ಕಾರಿನಲ್ಲಿ ಕೂತರು. ಅವರು ಟೀಕೆ ಮಾಡದಿದ್ದದ್ದು ಪ್ರವಾಸದಲ್ಲಿ ಅದೇ ಮೊದಲು.

"ಬುಧವಾರ ಅವ್ವ ಹೊಂಟಾಳ್ರೀ," ಅಕ್ಷತಾ ತಗ್ಗಿದ ದನಿಯಲ್ಲಿ ಹೇಳಿದಳು. "ಗುಹೆ ನೋಡಾಕ ಬಂದಿದ್ವಾ ನಾವು?"

ಉಳಿದ ಐಟಂಗಳನ್ನು ಈ ಮೂಲಕ ರದ್ದುಪಡಿಸಲಾಯಿತು. ಎಮ್ಮೆಗಳನ್ನು ಮಾತ್ರ ಉಳಿಸಿಕೊಂಡೆ. ಆ ಕೆರೆಯಲ್ಲಿ ಎಮ್ಮೆಗಳು ಕುತ್ತಿಗೆಮಟ್ಟ ನೀರಿನಲ್ಲಿ ಮೇಯುತ್ತವೆ, ಅದು ಅಲ್ಲೇ ಪಕ್ಕದಲ್ಲಿತ್ತು, ಹನ್ನೆರಡನೆಯ ಐಟಂ ಕೂಡ. ಕಾಲುವೆಯ ದಂಡೆಯಲ್ಲಿ ಒಂದು ಪುಟ್ಟ ತಂಗುಮನೆ ಹಿಡಿದೆವು. ಅಕ್ಷತಾ ದೋಣಿಯವನೊಂದಿಗೆ ಕೈಸನ್ನೆಯಲ್ಲಿ ಏನೇನೋ ಮಾತಾಡುತ್ತಿದ್ದಳು. ನಾನು ಶೀಟ್ ತಿದ್ದುವುದರಲ್ಲಿ ಮಗ್ನನಾಗಿದ್ದೆ. ಕೊನೆಗೆ ಅವನು ತನ್ನ ಗಡಿಯಾರದಲ್ಲಿ ಐದೂವರೆ ತೋರಿಸಿದ್ದನ್ನು ಮಾತ್ರ ನೋಡಿ ತಕ್ಷಣ ದಾಖಲಿಸಿದೆ: "ಭಾನುವಾರ, ಕಮಲ, 6:30." ಸಿಂಗಾಪುರ ಸಮಯ. ಏಕರೂಪತೆ.

ಭಾನುವಾರ ನಸುಕಿನಲ್ಲಿ ಅಕ್ಷತಾ ಭುಜ ಅಲುಗಿಸಿದಳು. "ರೀ, ಏಳ್ರಿ. ಬೋಟಿನಂವ ಬಂದಾನ."

ಒಂದು ಕಣ್ಣು ತೆರೆದು ಫೋನ್ ನೋಡಿದೆ. ಐದು ಇಪ್ಪತ್ತು. ಶೀಟ್ ನೋಡಿದೆ. ಆರೂವರೆ.

"ಇನ್ನೂ ಒಂದು ಗಂಟೆ ಹತ್ತು ನಿಮಿಷ ಐತಿ. ಸುಮ್ನೆ ಗಡಿಬಿಡಿ ಮಾಡಬ್ಯಾಡ" ಎಂದು ಹೇಳಿ, ಯೋಜನೆಯ ಮೇಲೆ ನಂಬಿಕೆಯಿಟ್ಟ ಮನುಷ್ಯ ಮಾತ್ರ ಮಲಗಬಲ್ಲಂತೆ ಮಲಗಿದೆ.

ಆರೂಕಾಲಿಗೆ ಅಲಾರಂ ಹೊಡೆಯಿತು. ಕೋಣೆ ಖಾಲಿ. ಫೋನಿನಲ್ಲಿ ಅಕ್ಷತಾಳ ಸಂದೇಶ: "ನಾವು ಹೊಂಟ್ವಿ. ಎದ್ದ ಮ್ಯಾಲ ಬರ್ರಿ." ಆಗ ನನ್ನ ತಲೆಯಲ್ಲಿ ಎರಡು ದೇಶಗಳ ಗಡಿಯಾರಗಳು ಒಂದಕ್ಕೊಂದು ಢಿಕ್ಕಿ ಹೊಡೆದವು.

ಓಡಿದೆ. ತಂಗುಮನೆಯ ಅಜ್ಜಿ ನನ್ನನ್ನು ತಡೆದು ಮನೆಯ ಹಿಂಭಾಗಕ್ಕೆ ಬೆರಳು ತೋರಿಸಿದಳು. ಬಚ್ಚಲು ತೋರಿಸುತ್ತಿದ್ದಾಳೆಂದುಕೊಂಡೆ. ಮತ್ತೆ ತೋರಿಸಿದಳು. ಸ್ನಾನ ಮಾಡದೆ ಹೊರಟಿದ್ದಕ್ಕೆ ಆಕ್ಷೇಪವಿರಬೇಕೆಂದು ಕೈ ಮುಗಿದು, ಕಾರು ಹತ್ತಿ, ನಿನ್ನೆಯ ದೋಣಿಕಟ್ಟೆಗೆ ಹೋದೆ.

ಅಲ್ಲಿ ಅವರಿರಲಿಲ್ಲ. ಅಕ್ಷತಾಳ ಫೋನ್ ಸಿಗಲಿಲ್ಲ. ಕೆರೆಯ ಒಳಗೆ ಹೋಗಿದ್ದಾರೆ, ಹೇಗಿದ್ದರೂ ಇಲ್ಲಿಗೇ ಬರುತ್ತಾರೆ, ಬಂದ ಮೇಲೆ ಮೂವರೂ ಸೇರಿ ಇನ್ನೊಂದು ಸುತ್ತು ಹೋಗೋಣ ಎಂದು ದಂಡೆಯಲ್ಲಿ ಕೂತೆ. ಹೂಗಳಿರುವುದು ಕೆರೆಯ ಒಳಭಾಗದಲ್ಲಿ. ದಂಡೆಗೆ ಕಾಣುತ್ತಿದ್ದದ್ದು ದೂರದಲ್ಲೊಂದು ಕೆಂಪು ಗೆರೆ. ಒಬ್ಬೊಬ್ಬರಾಗಿ ದೋಣಿಯವರು ಬಂದು ಕರೆದರು. ನಾನು ಮೂರು ಬೆರಳು ತೋರಿಸಿ, ಇನ್ನಿಬ್ಬರು ಬರಲಿ ಎಂದು ಸನ್ನೆ ಮಾಡಿದೆ. ಶೀಟಿನಲ್ಲಿ 'ಜನ: 3' ಎಂದಿತ್ತು. ಹೀಗೆ ಐದು ದೋಣಿಗಳನ್ನು ವಾಪಸು ಕಳಿಸಿದೆ.

ಕಾಯುವಾಗ ಕೈ ಸುಮ್ಮನಿರುವುದಿಲ್ಲ. ಎದುರಿಗೆ ನೀರಿನಲ್ಲಿ ಎಮ್ಮೆಗಳು ಸಾಗುತ್ತಿದ್ದವು. ಎಣಿಸಿದೆ.

ಒಂಬತ್ತೂವರೆಗೆ ಅಕ್ಷತಾಳ ಫೋನ್ ಬಂತು. "ಎಲ್ಲಿದ್ದೀರ್ರೀ?"

"ದೋಣಿಕಟ್ಟೆಯೊಳಗ. ನೀವು ಎಲ್ಲಿ?"

"ರೂಮಿನಾಗ. ಬಂದು ಒಂದು ತಾಸಾತು. ಬೋಟು ಮನಿ ಹಿಂದಿನ ಕಾಲುವಿಗೇ ಬಂದಿತ್ತಲ್ಲ, ಅಜ್ಜಿ ತೋರಿಸ್ಲಿಲ್ಲಾ? ವಿಡಿಯೋ ತಗದೂ ತಗದೂ ನನ್ನ ಫೋನ್ ಆಫ್ ಆಗಿತ್ತು, ಈಗ ಚಾರ್ಜ್ ಆತು."

"ಒಂದು ತಾಸಿನಿಂದ ನನ್ನ ಯಾರೂ ಹುಡುಕಲಿಲ್ಲಾ?"

"ಕಾರ್ ಇರಲಿಲ್ಲಲ್ಲ. ಶೀಟಿನಾಗ ಹನ್ನೆರಡನೇದು ಎಮ್ಮಿ ಅಂತ ಇತ್ತು. ಎಮ್ಮಿ ನೋಡಾಕ ಹೋಗಿರಬೇಕು ಅನ್ಕೊಂಡ್ವಿ."

ಎದ್ದು ಹತ್ತಿರದ ದೋಣಿಗೆ ಹಾರಲು ಹೋದೆ. ಆ ದೋಣಿಯವನು ತಲೆಯೆತ್ತಿ ಸೂರ್ಯನನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಿಧಾನವಾಗಿ ಕೈ ಮುಷ್ಟಿ ಮಾಡಿದ.

ವಾಪಸು ಹಾಟ್ ಯಾಯ್‌ಗೆ ಎರಡೇ ಗಂಟೆ ಹಿಡಿಯಿತು. ದಾರಿಯಲ್ಲಿ ಅಕ್ಷತಾ ಹೇಳಿದಳು. ದೋಣಿ ಹೂಗಳ ನಡುವೆ ಹೋದಾಗ ಇನ್ನೂ ಮಬ್ಬು. ಬೆಳಕು ಬಿದ್ದಂತೆ ಒಂದೊಂದೇ ಅರಳತೊಡಗಿದವು. ಅತ್ತೆ ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ಅಲ್ಲೇ ಪೂಜೆಗೆ ಕೂತರು. ದೋಣಿಯವನು ಇಂಜಿನ್ ಆರಿಸಿ ತಾನೂ ಕೈ ಮುಗಿದ.

"ಪೂಜೆಗೆ ಒಂದಾದರೂ ಹೂ ಕಿತ್ತುಕೊಂಡ್ರಾ ಅತ್ತಿ?" ಎಂದು ಕೇಳಿದೆ.

"ಯಾಕ ಕೀಳಬೇಕು? ನಾನ ಅವುಗಳ ನಡಕ ಹೋಗಿ ಕುಂತಿದ್ದೆ. ಬೆರಳು ಹಚ್ಚಲಾರದ ಅರಳಿದ್ವು ಅಳಿಯಂದ್ರ, ಎಲ್ಲಾ." ಆಮೇಲೆ "ನೀವು ಇರಬೇಕಾಗಿತ್ತು" ಎಂದರು. ಅದರಲ್ಲಿ ಟೀಕೆ ಇರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು.

ಆ ಸೌಜನ್ಯ ಬುಕಿತ್ ಪಂಜಾಂಗ್‌ನ ಲಿಫ್ಟ್‌ವರೆಗೆ ಬಾಳಿತು. ಅಲ್ಲಿ ಶೈಲಾ ಆಂಟಿ ಸಿಕ್ಕರು.

"ಎಂತ ಶರಣು, ಹೂ ಹೇಗಿತ್ತು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ಅವರು ಎಮ್ಮಿ ಎಣಿಸ್ಯಾರ್ರೀ. ಎಷ್ಟು, ಅಳಿಯಂದ್ರ?"

"ನಲವತ್ಮೂರು" ಎಂದೆ. ಲೆಕ್ಕ ಕೇಳಿದರೆ ಸುಮ್ಮನಿರಲು ನನಗೆ ಬರುವುದಿಲ್ಲ.

ಬುಧವಾರ ವಿಮಾನ ನಿಲ್ದಾಣಕ್ಕೆ ಹೊರಡುವ ಸಮಯವನ್ನು ನಾನೇ ಲೆಕ್ಕ ಹಾಕಿ ಹೇಳಿದ್ದೆ: ನಾಲ್ಕು ಗಂಟೆ. ಮೂರಕ್ಕೆ ನೋಡಿದರೆ ಅತ್ತೆ ಇಳಕಲ್ ಸೀರೆ ಉಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿ ಕೂತಿದ್ದರು.

"ಇನ್ನೂ ಒಂದು ತಾಸು ಐತಲ್ಲ ಅತ್ತಿ, ಯಾಕ ಇಷ್ಟು ಲಗೂ?"

"ನೀವು ಹೇಳಿದ ಟೈಮು ಯಾವ ದೇಶದ್ದೋ ಗೊತ್ತಾಗಲಿಲ್ಲ, ಅಳಿಯಂದ್ರ."

ಉತ್ತರ ಕೊಡುವ ಮೊದಲು ನಾನೂ ಒಮ್ಮೆ ಫೋನ್ ನೋಡಿಕೊಂಡೆ.