ಬಿಳಿ ಕೂದಲಿಗಾಗಿ ಎರಡು ತಿಂಗಳು

ನಮ್ಮ ವಿಜಯನಗರದಲ್ಲಿ ಸಾಕ್ಷ್ಯಚಿತ್ರ ತೆಗೆಯುವ ಮಹಾಪುರುಷ ನಾನೊಬ್ಬನೇ. ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಿಕೊಂಡು ತಿರುಗುತ್ತೇನೆ. ನಿಜವನ್ನು ಹಿಡಿಯುವುದು ನನ್ನ ಕಸುಬು. ಆದರೆ ನಾನು ಕ್ಯಾಮೆರಾ ಎತ್ತಿದ್ದೇ ತಡ, ನಿಜ ಪೌಡರ್ ಹಚ್ಚಿಕೊಳ್ಳೋಕೆ ಒಳಗೆ ಓಡುತ್ತದೆ.

೧. ಹಾಡಿಲ್ಲದ ಪಿಚ್ಚರ್

ಹಿಂದೆ ಬಿನ್ನಿಪೇಟೆಯ ಬಟ್ಟೆ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ ಯಜಮಾನರೊಬ್ಬರು ಚಂದ್ರಾ ಲೇಔಟಿನಲ್ಲಿ ಸಿಕ್ಕರು. ಹತ್ತಿಯಂಥ ಬಿಳಿ ತಲೆ, ಬನಿಯನ್ನು, ಹಿಂದೆ ಬಣ್ಣ ಕಿತ್ತುಹೋದ ಗೋಡೆ. ಮಗ್ಗದ ಸದ್ದಿಗೆ ಕಿವಿ ಮಂದವಾಗಿ, ಮನೆಯಲ್ಲಿ ಬೈದರೂ ಹೊಗಳಿದಂತೆಯೇ ಕೇಳುತ್ತೆ ಅಂದರು. ನನ್ನ ಜನ್ಮ ಸಾರ್ಥಕವಾಗುವ ಚಿತ್ರ ಇದೇ ಅಂದುಕೊಂಡೆ.

ಅವರ ಮನೆಯಾಕೆ ಹೀರೋಯಿನ್ ಯಾರು, ಹಾಡೆಷ್ಟು ಅಂತ ವಿಚಾರಿಸಿದರು. ಎರಡೂ ಇಲ್ಲ ಅಂದೆ. ಮೂವತ್ತು ವರ್ಷ ಸರ್ವೀಸಾದ ನನ್ನ ಮುಖವನ್ನು ಕನಿಕರದಿಂದ ನೋಡಿ, "ಪರವಾಗಿಲ್ಲ ಬಿಡಿ ಸಾರ್, ಕಲಿತ ಮೇಲೆ ದೊಡ್ಡ ಪಿಚ್ಚರ್ ತೆಗೀಬಹುದು" ಅಂದರು.

೨. ಗಿಳಿಹಸಿರು

ಮುಂದಿನ ಭಾನುವಾರ ಕ್ಯಾಮೆರಾ ಹೊತ್ತು ಹೋದರೆ ಗೋಡೆ ಗಿಳಿಹಸಿರಾಗಿತ್ತು. ಸೋಫಾದ ಮೇಲೆ ಕಪ್ಪು ಕೂದಲಿನ ಒಬ್ಬರು ಆ ಕಡೆ ತಿರುಗಿ ಕೂತಿದ್ದರು.

"ಅಪ್ಪ ಇದಾರಾ?" ಅಂದೆ.

"ನಾನೇ ಸಾರ್."

ಬೀಗರೆಲ್ಲ ನೋಡುತ್ತಾರಲ್ಲ ಅಂತ ಮನೆಯಾಕೆಯೇ ಎರಡೂ ಕಡೆ ಬಣ್ಣ ಬಳಿಸಿದ್ದರು.

ಅರ್ಧ ಗಂಟೆ ಭಾಷಣ ಕೊಟ್ಟೆ. ಒಂದೊಂದು ಬಿಳಿ ಕೂದಲೂ ಮಿಲ್ಲಿನ ಒಂದೊಂದು ದಿನದ ಸಾಕ್ಷಿ, ಬಣ್ಣ ಹಚ್ಚಿದ ತಲೆಯಿಂದ ನಿಜ ಹೊರಡಲ್ಲ ಅಂದೆ. ಅವರು ತಲೆ ತಗ್ಗಿಸಿ ಕೇಳಿದರು. ಶೂಟಿಂಗ್ ನಿಂತಿತು. ಸೊಪ್ಪು ತರುವ ನೆಪದಲ್ಲಿ ಎರಡು ತಿಂಗಳು ಅವರ ಬೀದಿಗೆ ಹೋಗಿ, ಬೆಳೆ ನೋಡುವ ರೈತನ ಹಾಗೆ ಅವರ ತಲೆ ನೋಡಿ ಬರುತ್ತಿದ್ದೆ. ಗೋಡೆ ಮಾತ್ರ ಕೊನೆಗೂ ಹಣ್ಣಾಗಲಿಲ್ಲ.

೩. ಸಮುದಾಯ ಭವನದಲ್ಲಿ

ಅಂತೂ ಚಿತ್ರ ಮುಗಿದು ಪ್ರದರ್ಶನದ ದಿನ ಬಂತು. ಬೆಳಗ್ಗೆ ಎರಡು ಗಂಟೆ ಕಾಲ ಬಚ್ಚಲಮನೆಯಲ್ಲಿ ತಯಾರಾಗಿ, ರೇಷ್ಮೆ ಜುಬ್ಬಾ ತೊಟ್ಟು ವೇದಿಕೆ ಹತ್ತಿದೆ. ಕ್ಯಾಮೆರಾದ ಮುಂದೆ ಸುಳ್ಳಿಗೆ ಜಾಗವಿಲ್ಲ ಅಂತ ಮಾತಾಡಿದೆ. ಚಪ್ಪಾಳೆ ಬಿತ್ತು. ಆಮೇಲೆ ಯಜಮಾನರ ಕೈಗೆ ಮೈಕು ಕೊಟ್ಟೆವು.

"ಸಾರ್ ಮಾತಿಗೆ ಕಟ್ಟುಬಿದ್ದು ನಾದಿನಿ ಮಗಳ ಮದುವೆಗೂ ಬಿಳಿ ತಲೇಲೇ ಹೋದೆ. ಹುಷಾರಿಲ್ವಾ ಅಂತ ಎಲ್ಲರೂ ಕೇಳಿದ್ರು. ನಿಜಕ್ಕೋಸ್ಕರ ಅಂತ ತಡ್ಕೊಂಡೆ."

ಮತ್ತೆ ಚಪ್ಪಾಳೆ. ಅವರು ನನ್ನ ಕಡೆ ತಿರುಗಿ, ಫೋಕಸ್ ಲೈಟಿನ ಕೆಳಗಿದ್ದ ನನ್ನ ತಲೆಯನ್ನು ನಿಧಾನವಾಗಿ ನೋಡಿದರು. ಮೈಕು ಇನ್ನೂ ಅವರ ಬಾಯಿ ಹತ್ತಿರವೇ ಇತ್ತು.

"ನಮ್ಮ ಮನೇಲಿ ಅರ್ಧ ಪ್ಯಾಕೆಟ್ ಡೈ ಹಾಗೇ ಉಳಿದಿದೆ, ತಗೊಂಡು ಹೋಗಿ ಸಾರ್. ಅದು ಕಿವಿಗೆ ಹತ್ತಲ್ಲ."