ದೇವರ ದೋಣಿಗೆ ಬಾಗುವ ಶಾಫ್ಟು

ಕಲ್ಯಾಣಿಯ ನಡುವೆ ಕುಳಿತು ನಮ್ಮೂರನ್ನು ನೋಡಿಕೊಳ್ಳುತ್ತಿರುವ ಈಶ್ವರನಿಗೆ ಮೊದಲು ಕೈಮುಗಿಯುತ್ತೇನೆ. ಅವನ ಪೂಜೆ ಮಾಡುವವನ ಬಾಳಿನಲ್ಲಿ ನಗುವಂಥದ್ದು ಆಗಾಗ ನಡೆಯುತ್ತಲೇ ಇರುತ್ತದೆ. ಬರೀ ಮಂತ್ರ ಕೇಳಿ ಕೇಳಿ ಅವನಿಗೂ ಬೇಸರವಾಗುತ್ತದಲ್ಲ.

ಶನಿವಾರಸಂತೆ ಕಡೆಯ ಒಂದು ಹಳ್ಳಿಯಲ್ಲಿ ನಾನು ಅರ್ಚಕ. ನಮ್ಮ ಕಲ್ಯಾಣಿಯ ನೀರಿನ ನಡುವೆ ಸಣ್ಣದೊಂದು ಕಲ್ಲಿನ ಮಂಟಪ, ಅದರೊಳಗೆ ಲಿಂಗ. ನಮ್ಮ ಬೀದಿಯ ಅಜ್ಜಿಯೊಬ್ಬರು ಮಂಡಿ ಆಪರೇಷನ್ನಿಗೆ ಹೋಗುವಾಗ, "ಎದ್ದು ನಡೆಯೋ ಹಾಗಾದ್ರೆ ಕಾರ್ತಿಕ ಸೋಮವಾರ ಸ್ವಾಮಿಗೆ ನೀರಿನ ಮೇಲೆ ದೀಪದ ಪ್ರದಕ್ಷಿಣೆ ಮಾಡಿಸ್ತೀನಿ" ಎಂದು ಹರಕೆ ಹೊತ್ತರು. ಎದ್ದು ನಡೆದರು. ಬಾಳೆದಿಂಡಿನ ಮೇಲೆ ದೀಪ ಇಟ್ಟು ತೇಲಿಬಿಟ್ಟು ನೋಡಿದೆವು. ಗಾಳಿ ಅದನ್ನು ಮೂಲೆಗೆ ತಳ್ಳಿ ಪಾಚಿಯಲ್ಲಿ ಕೂರಿಸಿತು. ಅಜ್ಜಿಗೆ ಊಟ ಸೇರದಾಯಿತು.

"ಹರಕೆ ಬಾಕಿ ಇಟ್ಕೊಂಡು ಹೋದ್ರೆ ಅಲ್ಲಿ ಏನಂತ ಮುಖ ತೋರಿಸ್ಲಿ, ಅಯ್ನೋರೆ?" ಎಂದರು.

ಆಗ ಧೈರ್ಯ ಹೇಳಿದವರು ನಮ್ಮ ರೈಟರು. ಕಾದಂಬರಿ ಬರೆಯುವವರಲ್ಲ; ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವವರಿಗೆ ನಮ್ಮಲ್ಲಿ ರೈಟರೆಂದೇ ಹೆಸರು. ರಿಟೈರಾದ ಮೇಲೆ ಅವರಿಗೆ ಪುಟ್ಟ ದೋಣಿಗಳನ್ನು ಮಾಡುವ ಗೀಳು ಹಿಡಿದಿದೆ. "ಮೊಳದುದ್ದದ ದೋಣಿಗೆ ಮೋಟಾರು ಹಾಕಿ ರಿಮೋಟಿನಲ್ಲಿ ಸುತ್ತಿಸೋಣ ಭಟ್ರೆ. ಗಾಳಿ ಬರ್ಲಿ, ಅದರಪ್ಪ ಬರ್ಲಿ" ಎಂದರು.

ವಾಯುವಿನ ಮಗ ಯಾರೆಂದು ಗೊತ್ತಿತ್ತು, ಅಪ್ಪ ಯಾರೆಂದು ಹೊಳೆಯಲಿಲ್ಲ. ಸುಮ್ಮನೆ ಒಪ್ಪಿಕೊಂಡೆ.

೧. ಒಂದಡಿ ಫ್ಲೆಕ್ಸು

ಮೋಟಾರಿನಿಂದ ಹಿಂದಿನ ಫ್ಯಾನಿಗೆ ಒಂದು ಸರಳು ಹೋಗಬೇಕು. ನೇರ ಸರಳಾದರೆ ಮೋಟಾರನ್ನು ಓರೆಯಾಗಿ ಎತ್ತಿ ಕೂರಿಸಬೇಕು, ಆಗ ದೀಪ ಇಡಲು ಸಮತಟ್ಟು ಜಾಗವಿಲ್ಲ. ಅದಕ್ಕೇ ಬಾಗುವ ಶಾಫ್ಟು. ಉಕ್ಕಿನ ಎಳೆಗಳನ್ನು ಹಗ್ಗದ ಹಾಗೆ ಹೊಸೆದಿರುತ್ತಾರಂತೆ. "ಅಂಗಡೀಲಿ ಫ್ಲೆಕ್ಸ್ ಅಂತ ಕೇಳಿ, ಕೊಡ್ತಾರೆ" ಎಂದು ರೈಟರು ನನ್ನನ್ನು ಕುಶಾಲನಗರದ ಬಸ್ಸು ಹತ್ತಿಸಿದರು.

ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎಲ್ಲಿ ಎಂದು ಕೇಳಿದೆ. ಮಹಡಿಯ ಮೇಲಿನ ಒಂದು ಅಂಗಡಿ ತೋರಿಸಿದರು.

"ದೇವರ ದೋಣಿಗೆ ಒಂದು ಫ್ಲೆಕ್ಸ್ ಬೇಕಿತ್ತು."

"ಎಷ್ಟುದ್ದ ಸ್ವಾಮಿ?"

"ಒಂದಡಿ ಸಾಕು."

"ಒಂದಡಿ ಯಾರ ಕಣ್ಣಿಗೂ ಕಾಣಲ್ಲ."

"ಕಾಣೋದು ಬೇಡಪ್ಪ. ನೀರೊಳಗೆ ಇರೋದು."

ಅಂಗಡಿಯ ಹುಡುಗ ನನ್ನ ವಿಭೂತಿಯನ್ನೇ ನೋಡಿದ. "ಫೋಟೋ ಯಾರ್ದು ಹಾಕ್ಲಿ?"

"ಫೋಟೋ ಹಾಕಿ ಏನು ಮಾಡ್ತೀಯ? ಅದು ಗಿರ್ರನೆ ತಿರುಗ್ತಾ ಇರತ್ತೆ."

ಅವನು ಒಳಗೆ ತಿರುಗಿ ಕೂಗಿದ: "ಅಣ್ಣ, ನೀರೊಳಗೆ ತಿರುಗೋ ಫ್ಲೆಕ್ಸ್ ಅಂತೆ. ಎಲೆಕ್ಷನ್ನಿಗೆ ನಿಂತೋರು ಕೂಡ ಇಂಥದ್ದು ಕೇಳಿಲ್ಲ."

೨. ನೂಲ್‌ಪುಟ್ಟು

ಕೊನೆಗೆ ಶಾಫ್ಟು ಕೊರಿಯರಿನಲ್ಲಿ ಬಂತು. ಬೇಕಾದ್ದಕ್ಕಿಂತ ಎರಡರಷ್ಟು ಉದ್ದ. ಕತ್ತರಿಸುವ ಜಾಗಕ್ಕೆ ಮೊದಲು ಬೆಸುಗೆ ಹಾಕಿ, ಎಳೆಗಳು ಅಂಟಿಕೊಂಡ ಮೇಲೆ ಕತ್ತರಿಸಬೇಕು ಎಂದು ಜೊತೆಗೇ ಬರೆದಿತ್ತು. ರೈಟರು ಆಯುಷ್ಯವೆಲ್ಲ ಬೇರೆಯವರಿಗೆ ಬರೆದವರು, ಬೇರೆಯವರು ಬರೆದದ್ದನ್ನು ಓದುವ ಅಭ್ಯಾಸವಿಲ್ಲ. ಕಾಫಿ ಗಿಡ ಸವರುವ ಕತ್ತರಿ ತೆಗೆದು ಕಚಕ್ ಎನಿಸಿದರು.

ಎಳೆಗಳೆಲ್ಲ ಬಿಚ್ಚಿ, ನಮ್ಮ ಕಡೆಯ ಒತ್ತುಶಾವಿಗೆ ನೂಲ್‌ಪುಟ್ಟಿನ ಹಾಗೆ ತಟ್ಟೆ ತುಂಬ ಹರಡಿಕೊಂಡವು. ಆಮೇಲೆ ರೈಟರು, "ನಮ್ಮ ಮನೇಲಾಗಿದ್ರೆ ಇದರ ಜೊತೆ ಕೋಳಿ ಸಾರು..." ಎಂದು ಶುರುಮಾಡಿ, ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು.

ಕಾಫಿ ತಂದ ನನ್ನ ಹೆಂಡತಿ ತಟ್ಟೆ ನೋಡಿ, "ನಮ್ಮಲ್ಲಿ ಅದಕ್ಕೆ ಕಾಯಿಹಾಲು. ಬೆಲ್ಲ ಹಾಕ್ಲಾ, ಬೇಡ್ವಾ?" ಎಂದಳು.

೩. ಧ್ಯಾನ

ಇನ್ನೊಂದು ಶಾಫ್ಟು ತರಿಸಿ, ಬೆಸುಗೆ ಹಾಕಿ, ಅಳತೆಗೆ ಕತ್ತರಿಸಿ, ದೋಣಿಯ ಹೊಟ್ಟೆಯಲ್ಲಿ ಬಾಗಿಸಿ ಕೂರಿಸಿದ್ದ ಹಿತ್ತಾಳೆ ಕೊಳವೆಯೊಳಗೆ ತೂರಿಸಿದೆವು. ಒಳಗೆ ಗ್ರೀಸು ಹಚ್ಚಬೇಕು. ಗ್ರೀಸಿನಲ್ಲಿ ಯಾವ ಪ್ರಾಣಿಯ ಕೊಬ್ಬಿದೆಯೋ ಎಂದು ನನಗೆ ಶಂಕೆ. ದೇವರ ದೀಪ ಹೊರುವ ದೋಣಿಯಲ್ಲವೇ?

"ತುಪ್ಪ ಹಚ್ಚೋಣ" ಎಂದೆ.

"ತುಪ್ಪಾನಾ?"

"ಹೋಮಕ್ಕಾಗತ್ತೆ, ಮೋಟಾರಿಗೆ ಆಗಲ್ವಾ?"

ಮನೆಯ ಒಳ್ಳೆಯ ತುಪ್ಪವನ್ನೇ ಧಾರಾಳವಾಗಿ ಹಚ್ಚಿದೆವು. ಆ ಸಂಜೆ ಶಾಫ್ಟು ಬೆಣ್ಣೆಯ ಹಾಗೆ ತಿರುಗಿತು. ಬೆಳಿಗ್ಗೆ ನಮ್ಮ ಕಾರ್ತಿಕದ ಚಳಿಗೆ ಕೊಳವೆಯೊಳಗಿನ ತುಪ್ಪ ಕಲ್ಲಾಗಿ ಕುಳಿತಿತ್ತು. ಸ್ವಿಚ್ಚು ಹಾಕಿದರೆ ಮೋಟಾರು 'ಹೂಂ' ಎನ್ನುತ್ತದೆ, ಫ್ಯಾನು ಅಲುಗುವುದಿಲ್ಲ.

ರೈಟರು ಕಿವಿಗೊಟ್ಟು ಕೇಳಿ, "ಮೋಟಾರು ಓಂಕಾರ ಹೇಳ್ತಾ ಇದೆ ಭಟ್ರೆ. ಶಾಫ್ಟಿಗೆ ಆಗ್ಲೇ ಸಮಾಧಿ ಹತ್ತಿದೆ" ಎಂದರು.

ಕುದಿನೀರು ಹೊಯ್ದು ತುಪ್ಪ ಕರಗಿಸಿ, ಹೆಂಡತಿಯ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟೆವು. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು, "ತುಪ್ಪ ಬೇಕಿದ್ರೆ ದೋಣಿ ನೆಕ್ಕಿ" ಎಂದಳು.

೪. ಸೋಮವಾರ ಸಂಜೆ

ಬೀದಿಯವರೆಲ್ಲ ಕಲ್ಯಾಣಿಯ ಮೆಟ್ಟಿಲ ಮೇಲೆ ಸೇರಿದ್ದರು. ಅಜ್ಜಿಗೆ ಪ್ಲಾಸ್ಟಿಕ್ ಕುರ್ಚಿ. ದೀಪ ಹಚ್ಚಲು ಅವರ ಕೈಯನ್ನು ನಾನೇ ಹಿಡಿದುಕೊಂಡೆ.

ರೈಟರು ನನ್ನ ಕಿವಿಯಲ್ಲಿ, "ಎಲ್ಲ ಸರಿ, ರಿವರ್ಸ್ ಒಂದು ಮಾಡಬಾರದು. ಎಳೆ ಹೊಸೆದಿರೋದು ಒಂದೇ ಕಡೆಗೆ. ಉಲ್ಟಾ ತಿರುಗಿದ್ರೆ ಬಿಚ್ಕೊಂಡುಬಿಡತ್ತೆ" ಎಂದರು.

"ರಿವರ್ಸ್ ಯಾಕ್ರೀ ಮಾಡ್ತೀರಿ? ಪ್ರದಕ್ಷಿಣೆ ಬಲಕ್ಕೆ. ಎಡಕ್ಕೆ ಹೋದ್ರೆ ನನ್ನ ಗತಿ ಏನು?"

ಮಂಟಪದ ಪೂರ್ವಕ್ಕೆ ನಂದಿ. ಅಲ್ಲಿಂದ ದೋಣಿ ಹೊರಟಿತು. ದೀಪ ಅಲುಗದೆ ದಕ್ಷಿಣಕ್ಕೆ ತಿರುಗಿತು, ಪಶ್ಚಿಮಕ್ಕೆ ತಿರುಗಿತು. ಅಜ್ಜಿಯ ಕಣ್ಣಲ್ಲಿ ನೀರು. ನಾನು ರುದ್ರ ಹೇಳುತ್ತಿದ್ದೆ. ಉತ್ತರಕ್ಕೆ ಬಂದಾಗ, ಲಿಂಗದ ಅಭಿಷೇಕದ ನೀರು ಹೊರಬೀಳುವ ಕಲ್ಲಿನ ಗೋಮುಖವಿದೆಯಲ್ಲ, ದೋಣಿ ಹೋಗಿ ಅದಕ್ಕೆ ಮೂಗು ಕೊಟ್ಟು ನಿಂತಿತು.

ರೈಟರು ಗಾಬರಿಯಲ್ಲಿ ಯಾವ ಗುಂಡಿ ಒತ್ತಬಾರದೋ ಅದನ್ನೇ ಒತ್ತಿದರು.

ದೋಣಿ ಹಿಂದಕ್ಕೆ ಹೊರಟಿತು. ಪಶ್ಚಿಮ, ದಕ್ಷಿಣ, ಬಂದ ದಾರಿಯಲ್ಲೇ ಹಿಮ್ಮುಖವಾಗಿ. ನನ್ನ ಬಾಯಲ್ಲಿ ರುದ್ರ ನಿಂತುಹೋಯಿತು. ಮುಂದೆ ಮಾಡಿ ಎಂದು ಪಿಸುಗುಟ್ಟಿದೆ. "ಮುಂದೇನೇ ಒತ್ತಿದ್ದೀನಿ ಭಟ್ರೆ, ಅದು ಕೇಳ್ತಾ ಇಲ್ಲ" ಎಂದರು ರೈಟರು. ದೋಣಿ ಹಿಂದೆ ಹಿಂದೆ ಬಂದು ಸರಿಯಾಗಿ ನಂದಿಯ ಎದುರು ತಲುಪಿದಾಗ ಕಟಕ್ ಎಂದಿತು. ಶಾಫ್ಟು ಎಳೆ ಬಿಚ್ಚಿ, ಕೊಳವೆಯಿಂದ ಕಳಚಿ, ಫ್ಯಾನಿನ ಸಮೇತ ಮುಳುಗಿತು. ದೋಣಿ ಅಲ್ಲೇ ನಿಂತಿತು. ದೀಪ ಮಾತ್ರ ಉರಿಯುತ್ತಿತ್ತು.

ಸುತ್ತು ಪೂರ್ತಿಯಾಗಲಿಲ್ಲ, ಉಲ್ಟಾ ಬೇರೆ ಬಂತು. ಅಜ್ಜಿಯ ಮುಖ ನೋಡುವ ಧೈರ್ಯವಾಗದೆ ನಾನು ನೆಲ ನೋಡುತ್ತ ನಿಂತೆ.

ಅಜ್ಜಿ ಕುರ್ಚಿಯಿಂದ ಎದ್ದು ನಿಂತು ಕೈಮುಗಿದರು. "ಅಯ್ನೋರೆ, ಶಿವನ ಗುಡೀಲಿ ಅಭಿಷೇಕದ ನೀರು ಹರಿಯೋ ಜಾಗ ದಾಟಬಾರದು, ಅಲ್ಲೀತನಕ ಹೋಗಿ ವಾಪಸ್ ನಂದಿ ಹತ್ರ ಬಂದ್ರೇನೇ ಪ್ರದಕ್ಷಿಣೆ ಅಂತ ವರ್ಷವೆಲ್ಲ ನಮ್ಮನ್ನ ಬೈತಿದ್ರಲ್ಲ. ನೋಡಿ, ದೋಣಿಗೆ ಒಂದೇ ಸಲ ಹೇಳಿದ್ದಕ್ಕೆ ಕಲ್ತುಬಿಟ್ಟಿದೆ."

ನಾನು ದೋಣಿಗೆ ಏನೂ ಹೇಳಿಯೇ ಇರಲಿಲ್ಲ; ದೋಣಿಯ ಗಲಾಟೆಯಲ್ಲಿ ಆ ನಿಯಮ ನನಗೇ ಮರೆತುಹೋಗಿತ್ತು.

"ವಾಪಸ್ ಬರೋವಾಗ ತಿರುಗಿ ಸ್ವಾಮಿಗೆ ಬೆನ್ನು ಕೂಡ ಹಾಕ್ಲಿಲ್ಲ" ಎಂದರು ಪಕ್ಕದ ಮನೆಯವರು. ಮೆಟ್ಟಿಲ ಮೇಲಿದ್ದವರೆಲ್ಲ ಹೌದೆಂದು ಕೆನ್ನೆ ಬಡಿದುಕೊಂಡರು. ಅಜ್ಜಿ ಆ ರಾತ್ರಿ ಎರಡು ಸಲ ಅನ್ನ ಬಡಿಸಿಕೊಂಡರಂತೆ.

ಈಗ ಇನ್ನೂ ನಾಲ್ಕು ಮನೆಯವರು ಅದೇ ಹರಕೆ ಹೊತ್ತಿದ್ದಾರೆ. ಹೀಗೆಯೇ ಹೋಗಬೇಕು, ಹೀಗೆಯೇ ಬರಬೇಕು, ನಂದಿಯ ಮುಂದೆಯೇ ನಿಲ್ಲಬೇಕು. ರೈಟರಿಗೆ ಹೇಳಿದೆ. ಅವರು ಗಂಭೀರವಾಗಿ ಹೇಳಿದರು: "ಹೋಗೋದು ಬರೋದು ನಾನು ನೋಡ್ಕೋತೀನಿ ಭಟ್ರೆ. ಸರಿಯಾದ ಜಾಗದಲ್ಲಿ ಶಾಫ್ಟು ಕಳಚಿ ಬೀಳೋದಕ್ಕೆ ಮಾತ್ರ ನೀವೇ ಏನಾದ್ರೂ ಮಂತ್ರ ಹೇಳ್ಬೇಕು."

ಇಷ್ಟು ಹೊತ್ತು ಕಿವಿಗೊಟ್ಟ ನಿಮ್ಮೆಲ್ಲರ ಮನೆಯ ದೀಪ ಗಾಳಿಗೆ ಅಲುಗದಿರಲಿ. ಹೋದ ದಾರಿಯಲ್ಲೂ ಬಂದ ದಾರಿಯಲ್ಲೂ ನಮ್ಮ ಈಶ್ವರ ನಿಮ್ಮ ಜೊತೆಗಿರಲಿ.