ಶ್ಯಾಮಣ್ಣ ಮೇಷ್ಟ್ರ ಹತ್ತು ನಿಮಿಷ

ಮಳವಳ್ಳಿಯಲ್ಲಿ ಇಪ್ಪತ್ತೆರಡು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ಶ್ಯಾಮಣ್ಣ ಮೇಷ್ಟ್ರಿಗೆ ಬದುಕಿನಲ್ಲಿ ಇದ್ದ ಕೊರಗು ಒಂದೇ. ಅವರು ಶುರುಮಾಡಿದ ಮಾತನ್ನು ಕೊನೆಯವರೆಗೆ ಕೇಳಿದವರು ಈ ಭೂಮಂಡಲದಲ್ಲಿ ಒಬ್ಬರೂ ಇರಲಿಲ್ಲ. ತರಗತಿಯಲ್ಲಿ ಅವರು ಬೋರ್ಡಿನ ಕಡೆ ತಿರುಗುವ ಹೊತ್ತಿಗೆ ಹಿಂದಿನ ಬೆಂಚು ನಿದ್ದೆಗೆ ಜಾರಿರುತ್ತಿತ್ತು. ಮನೆಯಲ್ಲಿ ಬಾಯಿ ತೆರೆದರೆ ಹೆಂಡತಿ ಪದ್ಮಮ್ಮನಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು. (ಒಲೆಯ ಮೇಲೆ ಹಾಲು ಇಲ್ಲದಾಗಲೂ ನೆನಪಾಗುತ್ತಿತ್ತು.) ತಾಯಿ ಪಂಕಜಮ್ಮನವರಂತೂ ಮಗ ನ್ಯೂಟನ್ನನ ವಿಷಯ ಹೇಳುತ್ತಿದ್ದರೆ, "ಅದಿರಲಿ, ಸ್ನಾನ ಆಯ್ತೇನೋ?" ಎಂದು ಕೇಳಿ ನ್ಯೂಟನ್ನನನ್ನು ಅಲ್ಲಿಗೇ ಮುಗಿಸಿಬಿಡುತ್ತಿದ್ದರು.

ಇಂಥ ಮೇಷ್ಟ್ರನ್ನು ಆಕಾಶವಾಣಿಯವರು ಕರೆಸಿ, 'ಮನೆಯ ವಿದ್ಯುತ್ ಉಪಕರಣಗಳು' ಎಂಬ ವಿಷಯದ ಮೇಲೆ ಮಾತಾಡಿಸಿ ರೆಕಾರ್ಡು ಮಾಡಿಕೊಂಡರು. ಪ್ರಸಾರ ಗುರುವಾರ ಸಂಜೆ ಆರೂಮುಕ್ಕಾಲಿಗೆ. ಪೂರ್ತಿ ಹತ್ತು ನಿಮಿಷ! ರೇಡಿಯೋದ ಮಾತಿಗೆ ಯಾರು ತಾನೇ ನಡುವೆ ಬಾಯಿ ಹಾಕಬಲ್ಲರು? ಅದನ್ನು ನೆನೆದೇ ಮೇಷ್ಟ್ರಿಗೆ ಎರಡು ಸಲ ಕಣ್ಣು ತುಂಬಿ ಬಂತು.

ಮನೆಯಲ್ಲಿದ್ದದ್ದು ಮಾವನವರು ಕೊಟ್ಟ ದೊಡ್ಡ ವಾಲ್ವ್ ರೇಡಿಯೋ. ಆ ಮಹಾದಿನಕ್ಕೆ ಅದು ದಣಿದಿರಬಾರದೆಂದು ಮಂಗಳವಾರ ಬೆಳಗ್ಗೆ ಎದ್ದವರೇ, "ಗುರುವಾರದವರೆಗೆ ರೇಡಿಯೋ, ವೈರು, ಪ್ಲಗ್ಗು ಯಾವುದನ್ನೂ ಯಾರೂ ಮುಟ್ಟಕೂಡದು" ಎಂದು ರಾಜಾಜ್ಞೆ ಹೊರಡಿಸಿದರು. ಹೆಡ್‌ಮಾಸ್ಟರ್ ಚಲುವನಾರಾಯಣ ಅವರನ್ನೂ, ಪಕ್ಕದ ಮನೆಯ ಪುಟ್ಟರಾಜು, ಯಶೋದಮ್ಮ ದಂಪತಿಗಳನ್ನೂ ಕಾಫಿ ತಿಂಡಿಗೆ ಕರೆದರು. ಪದ್ಮಮ್ಮ ಕೋಡುಬಳೆ ಕರಿದಿಟ್ಟಳು.

ಗುರುವಾರ ಸಂಜೆ ಐದೂವರೆಗೆ ಮೇಷ್ಟ್ರು ಗೋಡೆಯ ಸ್ವಿಚ್ಚು ಒತ್ತಿ, ರೇಡಿಯೋದ ತಿರುಪು ತಿರುಗಿಸಿದರು. ಊರುಗಳ ಹೆಸರು ಬರೆದ ಗಾಜಿನ ಹಿಂದೆ ಹಳದಿ ದೀಪ ಹೊತ್ತಿಕೊಳ್ಳಬೇಕು. ಹೊತ್ತಿಕೊಳ್ಳಲಿಲ್ಲ. ಗಾಜು ಹೊಗೆ ಹಿಡಿದ ಬಾಣಲೆಯ ತಳದಂತೆ ಕಪ್ಪಗಿತ್ತು. ಇನ್ನೊಂದು ತಿರುಪು ತಿರುಗಿಸಿದರು. ನೆತ್ತಿಯ ಮೇಲೆ ತಟ್ಟಿದರು. ಕೆನ್ನೆಗೂ ಎರಡು ಬಿಗಿದರು. ಗೊರ್ ಅಂತಲೂ ಅನ್ನಲಿಲ್ಲ.

"ಏನೂಂದ್ರೆ, ಕರೆಂಟು ಬರ್ತಿದೆಯೋ ಇಲ್ವೋ?" ಎಂದಳು ಪದ್ಮಮ್ಮ.

ಮೇಷ್ಟ್ರು ತಲೆಯ ಮೇಲೆ ಉರಿಯುತ್ತಿದ್ದ ಬಲ್ಬಿನ ಕಡೆ ಬೆರಳು ತೋರಿಸಿದರು. "ಶಿವನಸಮುದ್ರದಿಂದ ಹೊರಟ ಕರೆಂಟು ನಮ್ಮ ನಡುಮನೆಗೆ ಬಂದು ಬೆಳಗ್ತಾ ಇದೆ. ಇನ್ನು ಈ ಮೂರು ಮೊಳ ನಡೆಯೋಕೆ ಅದಕ್ಕೇನು ಕಾಲುನೋವೇ? ದೋಷ ಇರೋದು ಯಂತ್ರದ ಅಂತರಂಗದಲ್ಲಿ."

"ಹಾಗಾದ್ರೆ ಪೇಟೆಯ ರಿಪೇರಿಯವನನ್ನ ಕರೆಸಿ."

"ವಿದ್ಯುತ್ತಿನ ಮೇಲೆ ಭಾಷಣ ಮಾಡಿದೋನು ರಿಪೇರಿಯವನನ್ನ ಕರೆಸ್ಲಾ? ನಾಳೆ ಮಕ್ಕಳ ಮುಂದೆ ಯಾವ ಮುಖ ಹೊತ್ಕೊಂಡು ನಿಂತ್ಕೊಳ್ಲಿ? ತಿರುಪುಳಿ ತಾ."

ಅಂಗಿ ಕಳಚಿ ಬನಿಯನ್ನಿನಲ್ಲಿ ಚಾಪೆಯ ಮೇಲೆ ಕೂತು, ಗೋಡೆಯ ಸ್ವಿಚ್ಚು ಆರಿಸಿ, ಮೇಷ್ಟ್ರು ರೇಡಿಯೋದ ಬೆನ್ನು ಬಿಚ್ಚಿದರು. ಒಳಗೆ ಹಲ್ಲಿ ಮೊಟ್ಟೆಯ ಎರಡು ಚಿಪ್ಪು ಮತ್ತು ಮಾವನವರ ಕಾಲದ ಧೂಳು ಕಂಡವು. ಧೂಳು ಒರೆಸಿ, ಸ್ವಿಚ್ಚು ಹಾಕಿ ನೋಡಿದರು. ರೇಡಿಯೋ ಹಾಡಲಿಲ್ಲ. ಮತ್ತೆ ಸ್ವಿಚ್ಚು ಆರಿಸಿ, ಐದು ವಾಲ್ವುಗಳನ್ನೂ ಒಂದೊಂದಾಗಿ ಕಿತ್ತು, ಕಾಲು ಉಜ್ಜಿ, ಕೈಗೆ ಸಿಕ್ಕಿದ ತಟ್ಟೆಗಳಲ್ಲಿ ಇಟ್ಟರು.

"ಅಯ್ಯೋ, ನನ್ನ ಫಲಾಹಾರದ ತಟ್ಟೆ ಕಣೋ ಅದು!" ಎಂದು ಪಂಕಜಮ್ಮನವರು ಮಂಚದಿಂದ ಕೂಗಿದರು.

ಅವರತ್ತ ತಿರುಗುವಾಗ ಮೊಣಕೈ ತಗುಲಿ, ಡಯಲ್ಲಿನ ಮುಳ್ಳನ್ನು ಎಳೆಯುವ ದಾರ ಪಟಕ್ಕನೆ ಹರಿಯಿತು. ಮುಳ್ಳು ಮದರಾಸಿನ ಮೇಲೆ ಅಡ್ಡಡ್ಡ ಮಲಗಿತು. ಮೇಷ್ಟ್ರು ಎದೆಗುಂದಲಿಲ್ಲ. ಹೆಂಡತಿ ಹೂ ಕಟ್ಟಲು ನೆನೆಸಿಟ್ಟಿದ್ದ ಬಾಳೆನಾರನ್ನೇ ಸೀಳಿ, ರಾಟೆಗೆ ಸುತ್ತಿ, ಹಲ್ಲಿನಿಂದ ಗಂಟು ಹಾಕಿದರು. ಈಗ ತಿರುಪು ಬಲಕ್ಕೆ ತಿರುಗಿಸಿದರೆ ಮುಳ್ಳು ಎಡಕ್ಕೆ ಓಡತೊಡಗಿತು.

ಆರೂವರೆಗೆ ಅತಿಥಿಗಳು ಬಂದರು. ಹೆಡ್‌ಮಾಸ್ಟರು ಕೋಡುಬಳೆ ಎಂದುಕೊಂಡು ಒಂದು ವಾಲ್ವಿಗೇ ಕೈ ಹಾಕಿದ್ದರು. ಪದ್ಮಮ್ಮ ಸಮಯಕ್ಕೆ ಸರಿಯಾಗಿ ತಟ್ಟೆ ಬದಲಾಯಿಸಿದಳು.

"ಇದ್ಯಾಕ್ ಮೇಷ್ಟ್ರೆ, ಕೋಳಿ ಕುಯ್ದಂಗೆ ಕುಯ್ದಿದ್ದೀರಿ?" ಎಂದ ಪುಟ್ಟರಾಜು. "ಮಾತಾಡಾಕಿಲ್ವಾ? ನಮ್ಮನೇಲಿ ಟ್ರಾನ್ಸಿಸ್ಟರ್ ಅದೆ, ತತ್ತೀನಿ ಬುಡಿ."

"ಬೇಡಪ್ಪ. ಸೆಲ್ಲು ಹಾಕಿದ ಡಬ್ಬದಲ್ಲಿ ನನ್ನ ಧ್ವನಿಯ ಗಾಂಭೀರ್ಯ ಬರೋದಿಲ್ಲ. ಇನ್ನು ಐದೇ ನಿಮಿಷ."

"ಐದ್ ನಿಮ್ಸದಲ್ಲಿ ಇವನ್ನೆಲ್ಲಾ ಒಳೀಕ್ ತುರುಕಾಕಾಯ್ತದಾ?" ಯಶೋದಮ್ಮ ಕೆನ್ನೆಗೆ ಕೈಯಿಟ್ಟುಕೊಂಡಳು. "ನಮ್ಮವ್ರೂ ಇಂಗೇ ಪಂಪ್‌ಸೆಟ್ ಬಿಚ್ಚಿದ್ರು ಕಣಮ್ಮ. ಕಬ್ಬು ಒಣಗ್ತು."

ಆರು ನಲವತ್ತಾಯಿತು. ಮೇಷ್ಟ್ರ ಬನಿಯನ್ನು ಒದ್ದೆಯಾಗಿತ್ತು. ಮೂರು ವಾಲ್ವು ಕೂತಿದ್ದವು, ನಾಲ್ಕನೆಯದು ಯಾವ ತೂತಿನದೆಂದು ಮರೆತಿತ್ತು, ಐದನೆಯದು ಪದ್ಮಮ್ಮ ಎತ್ತಿಟ್ಟ ತಟ್ಟೆಯಲ್ಲಿತ್ತು. ಹತ್ತೇ ಹತ್ತು ನಿಮಿಷ ತನ್ನದಾಗಬೇಕಿತ್ತು, ಅದೂ ಜಾರಿಹೋಗುತ್ತಿದೆಯಲ್ಲಾ ಎಂದು ಅವರಿಗೆ ಅಳುವೇ ಬಂದಂತಾಯಿತು. ಆದರೂ ತಿರುಪುಳಿ ಕೆಳಗಿಡಲಿಲ್ಲ. ಇದನ್ನು ನೋಡಲಾರದೆ ಪದ್ಮಮ್ಮ ಪುಟ್ಟರಾಜುವಿಗೆ ಕಣ್ಸನ್ನೆ ಮಾಡಿದಳು. ಅವನು ಓಡಿಹೋಗಿ ಟ್ರಾನ್ಸಿಸ್ಟರ್ ತಂದು ಕಿಟಕಿಯ ಮೇಲಿಟ್ಟ.

"ಈಗ ಭಾಷಣ. ವಿಷಯ: ಮನೆಯ ವಿದ್ಯುತ್ ಉಪಕರಣಗಳು..."

ಮೇಷ್ಟ್ರ ಧ್ವನಿ ಬಂತು. ಗಾಂಭೀರ್ಯವೂ ಬಂತು. ನಡುಮನೆ ನಿಶ್ಶಬ್ದವಾಯಿತು. ಹೆಡ್‌ಮಾಸ್ಟರು ಕೋಡುಬಳೆ ಕಡಿಯುವುದನ್ನು ನಿಲ್ಲಿಸಿದರು. ಪಂಕಜಮ್ಮನವರು ಮಂಚದಲ್ಲಿ ಎದ್ದು ಕೂತರು. ಹೆಂಡತಿ ಅಡುಗೆಮನೆಯ ಕಡೆ ತಿರುಗಿಯೂ ನೋಡದೆ ನಿಂತು ಕೇಳುತ್ತಿದ್ದಳು. ಚಾಪೆಯ ಮೇಲೆ, ತಿರುಪುಳಿ ಹಿಡಿದು ಕೂತಿದ್ದ ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು.

"ಉಪಕರಣವೊಂದು ಕೆಲಸ ನಿಲ್ಲಿಸಿದೊಡನೆ ಕೆಲವು ಅವಿವೇಕಿಗಳು ಅದನ್ನು ಬಿಚ್ಚಿ ಕೂರುತ್ತಾರೆ," ಎಂದಿತು ಟ್ರಾನ್ಸಿಸ್ಟರ್. "ಮನೆಯಲ್ಲಿ ಬಲ್ಬು ಉರಿಯುತ್ತಿದೆ ಎಂದ ಮಾತ್ರಕ್ಕೆ ಉಪಕರಣಕ್ಕೆ ಕರೆಂಟು ತಲುಪುತ್ತಿದೆ ಎಂದು ನಂಬುವುದು ಶುದ್ಧ ಮೌಢ್ಯ. ಗೃಹಿಣಿಯರೇ, ಮೊಟ್ಟಮೊದಲು ಸ್ವಿಚ್ಚು ಆರಿಸಿ, ಗೋಡೆಯ ಪ್ಲಗ್ಗನ್ನು ಕಿತ್ತು ನೋಡಿರಿ."

ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ಪದ್ಮಮ್ಮ ಗಂಡನ ಮಾತನ್ನು ಅವರು ಹೇಳಿದ ತಕ್ಷಣ ಕೇಳಿದ್ದು ಅದೇ ಮೊದಲು. ಸ್ವಿಚ್ಚು ಆರಿದೆಯೇ ಎಂದು ನೋಡಿ, ಅತ್ತೆಯ ಮಂಚದ ಹಿಂದೆ ಕೈಹಾಕಿ, ಪ್ಲಗ್ಗನ್ನು ಕಿತ್ತಳು. ಅದರ ಮೂರು ಕಡ್ಡಿಗಳಿಗೆ ಅಂಟಿಕೊಂಡು, ಅಚ್ಚುಕಟ್ಟಾಗಿ ಮುರಿದು ಮಡಿಸಿದ ದರ್ಭೆಯ ಮೂರು ತುಂಡು ಈಚೆ ಬಂದವು.

"ಅತ್ತೆ, ಇದೇನು?"

"ಸೋಮವಾರ ರಾತ್ರಿ ಗ್ರಹಣ ಇರ್ಲಿಲ್ವೇನೆ?" ಪಂಕಜಮ್ಮನವರು ಜಗ್ಗಲಿಲ್ಲ. "ನೀರಿಗೆ ಹಾಕ್ದೆ, ತುಪ್ಪಕ್ಕೆ ಹಾಕ್ದೆ, ಉಪ್ಪಿನಕಾಯಿ ಜಾಡಿಗೆ ಹಾಕ್ದೆ. ಮಗನ ಭಾಷಣ ಬರೋ ಪೆಟ್ಟಿಗೆಗೆ ಮಾತ್ರ ಗ್ರಹಣ ಸೋಕ್ಲಿ ಅಂತ ಬಿಡ್ಲಾ? ಅದಕ್ಕೆ ಬಾಯಿ ಎಲ್ಲಿದೆ ಅಂತ ಹುಡುಕ್ದೆ. ಪ್ಲಗ್ಗು ಕಿತ್ತಾಗ ಗೋಡೇಲಿ ಮೂರು ತೂತು ಕಾಣ್ತು. ಸ್ವಿಚ್ಚು ಆರ್ಸೇ ಹಾಕಿ, ಮೇಲೆ ಪ್ಲಗ್ಗು ಸಿಗ್ಸಿದೆ."

"ಬೆಳಗ್ಗೆ ಎಲ್ಲದರಿಂದ್ಲೂ ತೆಗೆದ್ರಲ್ಲ, ಇದರಿಂದ ಯಾಕೆ ತೆಗೀಲಿಲ್ಲ?"

"ತೆಗೀಬೇಕು ಅನ್ನೋಷ್ಟರಲ್ಲಿ ಪ್ಲಗ್ಗು ಯಾರೂ ಮುಟ್ಟಕೂಡದು ಅಂತ ಇವನೇ ಅಪ್ಪಣೆ ಮಾಡ್ದ. ಬೆಳೆದ ಮಗನ ಮಾತು ಮೀರ್ಲಾ?"

ಯಶೋದಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಪುಟ್ಟರಾಜು ಗೋಡೆ ಹಿಡಿದುಕೊಂಡು ನಕ್ಕ. ದರ್ಭೆಯನ್ನು ತಾಮ್ರದ ಬಿಂದಿಗೆಗೆ ಹಾಕಬಹುದು, ಪ್ಲಗ್ಗಿಗೆ ಹಾಕಬಾರದು ಏಕೆ ಎಂದು ಅತ್ತೆ ಸೊಸೆಯರಲ್ಲಿ ಜೋರು ವಾದ ಹತ್ತಿತು. ಕಿಟಕಿಯ ಮೇಲೆ ಮೇಷ್ಟ್ರು ಇಸ್ತ್ರಿಪೆಟ್ಟಿಗೆಯ ವಿಷಯ ಹೇಳಿದರು, ಫ್ಯೂಸಿನ ವಿಷಯ ಹೇಳಿದರು, ವಂದನೆ ಹೇಳಿ ಮುಗಿಸಿಯೂಬಿಟ್ಟರು. ಚಾಪೆಯ ಮೇಲಿದ್ದ ಮೇಷ್ಟ್ರು "ಶ್, ಶ್" ಎಂದದ್ದೊಂದೇ ಬಂತು. ಉಳಿದ ಆರು ನಿಮಿಷ ಅವರಿಗೂ ಕೇಳಿಸಲಿಲ್ಲ.

ಹೊರಡುವಾಗ ಹೆಡ್‌ಮಾಸ್ಟರು ಅವರ ಹೆಗಲ ಮೇಲೆ ಕೈಯಿಟ್ಟರು. "ಬಹಳ ಉಪಯುಕ್ತ ಭಾಷಣ, ಶ್ಯಾಮಣ್ಣನವರೆ. ನಮ್ಮ ಮಕ್ಕಳೂ ಕೇಳಬೇಕು. ಶನಿವಾರ ಶಾಲೆಯಲ್ಲೇ ಇಟ್ಟುಕೊಳ್ಳೋಣ."

ಮೇಷ್ಟ್ರ ಮುಖ ಅರಳಿತು. "ಇಡೀ ಹತ್ತು ನಿಮಿಷವೂ ಸಾರ್?"

"ಅರ್ಧ ಗಂಟೆ ಬೇಕಾದರೂ ತಗೊಳ್ಳಿ," ಎಂದರು ಹೆಡ್‌ಮಾಸ್ಟರು, ಚಾಪೆಯ ಮೇಲಿನ ಅವಶೇಷಗಳನ್ನು ದಾಟುತ್ತಾ. "ಆದರೆ ಮಾಡಿ ತೋರಿಸೋದಕ್ಕೆ ಮಾತ್ರ ನಿಮ್ಮ ಮನೆಯವರನ್ನ ಕಳಿಸಿಕೊಡಿ."